ಸೀಸೆಯ ಮೇಲಿನ ಮುನಿರತ್ನಮ್ಮ

ಮುನಿರತ್ನಮ್ಮನ ಜಡೆ ನೋಡಿದವರು ಅದರ ಬಗ್ಗೆ ಒಂದು ಮಾತಾದರೂ ಆಡದೆ ಮುಂದೆ ಹೋಗುತ್ತಿರಲಿಲ್ಲ. ವಯಸ್ಸು ಐವತ್ತು ದಾಟಿತ್ತು, ನೆತ್ತಿಯ ಮುಂಭಾಗವೆಲ್ಲ ಬೆಳ್ಳಗಾಗಿತ್ತು. ಆದರೂ ಜಡೆ ಮಾತ್ರ ಬಾವಿಹಗ್ಗದ ಹಾಗೆ ಸೊಂಟದ ಕೆಳಗೆ ಇಳಿಬಿದ್ದಿರುತ್ತಿತ್ತು. ಅದಕ್ಕೆಂದು ಅವಳು ಯಾವ ಆರೈಕೆಯನ್ನೂ ಮಾಡಿದವಳಲ್ಲ. ಅಂಗಡಿಯ ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ, ಸಿಕ್ಕಿದ್ದನ್ನು ಸವರಿಕೊಂಡು, ಸೀಗೆಪುಡಿ ಹಾಕಿ ತೊಳೆದರೆ ಮುಗಿಯಿತು. ಕೇಳಿದವರಿಗೆ, "ನಮ್ಮಮ್ಮನ ಕಡೇರ್ಗೆಲ್ಲಾ ಇಂಗೇನೆ" ಎಂದು ನಕ್ಕುಬಿಡುತ್ತಿದ್ದಳು.

ಅವಳ ಊರು ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಗಂಡ ಕದಿರಪ್ಪನಿಗೆ ಒಂದಿಷ್ಟು ಖುಷ್ಕಿ ಜಮೀನು, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಒಬ್ಬಳೇ ಮಗಳು ಕಲ್ಪನಳನ್ನು ಮುಳಬಾಗಿಲಿನ ಕಡೆಗೆ ಕೊಟ್ಟಿದ್ದರು. ಮುನಿರತ್ನಮ್ಮ ಮನೆಯಲ್ಲಿ ಕೂತು ತಿಂದವಳಲ್ಲ. ಮೊಸರಿನ ಕ್ಯಾನು, ಸೊಪ್ಪಿನ ಕುಕ್ಕೆ ಹೊತ್ತು ಮೊದಲ ಬಸ್ಸಿಗೆ ಕೆಜಿಎಫ್‌ಗೆ ಹೋಗಿ, ಕೋರಮಂಡಲ್‌ನ ಬೀದಿಗಳಲ್ಲಿ ಮನೆಮನೆಗೂ ಹಾಕಿ ಬರುತ್ತಿದ್ದಳು. ತಮಿಳರ ಬಾಗಿಲಲ್ಲಿ ತಮಿಳು, ತೆಲುಗರ ಬಾಗಿಲಲ್ಲಿ ತೆಲುಗು ಅವಳ ನಾಲಿಗೆಗೆ ತಾನಾಗಿ ಬರುತ್ತಿತ್ತು. ಗಣಿ ಮುಚ್ಚಿ ಎಷ್ಟೋ ಮನೆಗಳು ಬೀಗ ಹಾಕಿಕೊಂಡ ಮೇಲೂ ಅವಳ ಸುತ್ತಾಟ ನಿಂತಿರಲಿಲ್ಲ.

ಆ ಬೀದಿಗಳಲ್ಲಿ ಅವಳಿಗೆ ಮನಸ್ಸಿಗೆ ಹತ್ತಿರವಾದ ಮನೆಯೆಂದರೆ ಕಾಂತಮ್ಮನದು. ಕಾಂತಮ್ಮನ ಗಂಡ ಓಂಕಾರಪ್ಪ ಕಾರ್ಖಾನೆಯ ಕೆಲಸಕ್ಕೆಂದು ದಾವಣಗೆರೆ ಕಡೆಯಿಂದ ಬಂದು ನೆಲೆಸಿದ್ದವನು. ಬಂದ ಹೊಸದರಲ್ಲಿ ಕಾಂತಮ್ಮನಿಗೆ ಅಕ್ಕಪಕ್ಕದವರ ಮಾತೂ ತಿಳಿಯದೆ, ಬಸುರಿಯಾಗಿ ಒಬ್ಬಳೇ ಕೂತಿದ್ದಾಗ ಹೊತ್ತಿಗೆ ಆದವಳು ಮುನಿರತ್ನಮ್ಮ. ಹುಟ್ಟಿದ ಕೂಸು ಅಕ್ಷರಾಳಿಗೆ ಎಣ್ಣೆ ನೀವಿ ನೀರು ಹಾಕಿದ್ದೂ ಅವಳೇ. ಹುಡುಗಿ ಬೆಳೆದು ಓದು ಮುಗಿಸಿ, ಬೆಂಗಳೂರಿನ ಒಂದು ಕಚೇರಿಗೆ ದಿನವೂ ರೈಲಿನಲ್ಲಿ ಹೋಗಿಬರುವಷ್ಟು ದೊಡ್ಡವಳಾದರೂ ಮುನಿರತ್ನಮ್ಮನ ಬಾಯಲ್ಲಿ ಅವಳು 'ಪಾಪ'ವೇ.

ಆಮೇಲೆ ಕಾಲ ಬದಲಾಯಿತು. ಫೋನಿನಲ್ಲಿ ಒತ್ತಿದರೆ ಹಾಲು ಮೊಸರಿನ ಪೊಟ್ಟಣ ಬೆಳಗಾಗುವುದರೊಳಗೆ ಬಾಗಿಲಿಗೆ ಬಂದು ಬೀಳತೊಡಗಿತು. ಮುನಿರತ್ನಮ್ಮನ ಕ್ಯಾನು ಅರ್ಧ ತುಂಬಿಯೇ ಮನೆಗೆ ವಾಪಸಾಗುವ ದಿನಗಳು ಹೆಚ್ಚಾದವು, ಮಂಡಿಯೂ ನೋಯತೊಡಗಿತು. ಅದೇ ಸಮಯಕ್ಕೆ ಬಂಗಾರಪೇಟೆಯ ಹೊರಗೆ ತಗಡಿನ ಚಾವಣಿಯ ದೊಡ್ಡ ಗೋಡೌನೊಂದು ಎದ್ದಿತು. ಹೆಂಗಸರು ಬೇಕಂತೆ ಎಂದು ಸುದ್ದಿ ಹಬ್ಬಿದ ವಾರದಲ್ಲೇ ಅವಳು ಹೋಗಿ ಸೇರಿಕೊಂಡಳು.

ಅಂಗಡಿಯ ಹಂಗಿಲ್ಲದೆ ನೇರವಾಗಿ ಜನರಿಗೇ ಮಾರುವ ಕಂಪನಿಗಳ ಸರಕೆಲ್ಲ ಅಲ್ಲಿಗೆ ಬಂದು ಬೀಳುತ್ತಿತ್ತು. ಒಂದು ಸಾಲಿನಲ್ಲಿ ಮುಖಕ್ಕೆ ಹಚ್ಚುವ ಕ್ರೀಮು, ಇನ್ನೊಂದರಲ್ಲಿ ಮಕ್ಕಳ ರಾಗಿ ಮಾಲ್ಟು, ಮತ್ತೊಂದರಲ್ಲಿ ಸೀರೆ, ಒಳ ಅಂಗಿ, ನಾಯಿಯ ಬಿಸ್ಕತ್ತು. ಕಂಪನಿಯವರು ಯಾರೋ ಎಲ್ಲೋ ಕೂತಿರುತ್ತಿದ್ದರು. ಕೊಂಡವರ ಹೆಸರು, ವಿಳಾಸ ಇಲ್ಲಿಯ ಪರದೆಯ ಮೇಲೆ ಮೂಡುತ್ತಿತ್ತು. ಗಂಡಸರು ಸಾಲಿನಿಂದ ಮಾಲು ತೆಗೆದು ತಂದರೆ, ಹೆಂಗಸರು ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ರಟ್ಟಿನ ಡಬ್ಬಕ್ಕೆ ಹಾಕಿ, ಟೇಪು ಎಳೆದು, ವಿಳಾಸ ಅಂಟಿಸಬೇಕು. ಸಂಜೆಯ ಹೊತ್ತಿಗೆ ವ್ಯಾನುಗಳು ಬಂದು ತುಂಬಿಕೊಂಡು ಹೋಗುತ್ತಿದ್ದವು. ಉಸ್ತುವಾರಿಗೆ ಚಿಕ್ಕಮಗಳೂರಿನ ಕಡೆಯ ರೂಪೇಶ್ ಎಂಬ ಹುಡುಗನಿದ್ದ. ಕೂಗಾಡುವವನಲ್ಲ. ಹೆಂಗಸರ ಬುತ್ತಿಯಿಂದ ಉಪ್ಪಿನಕಾಯಿ ಕೇಳಿ ತಿನ್ನುತ್ತಿದ್ದ. ಮುನಿರತ್ನಮ್ಮನ ಪಕ್ಕದ ಮೇಜು ರಾಧಳದು. ಬಂಗಾರಪೇಟೆಯವಳೇ. ವಯಸ್ಸಿನಲ್ಲಿ ಚಿಕ್ಕವಳು, ಬಾಯಿ ಜೋರು. ಇಬ್ಬರೂ ಬುತ್ತಿ ಬಿಚ್ಚಿದರೆ ಒಂದೇ ತಟ್ಟೆಯೆಂಬಂತಿದ್ದರು.

ಒಂದು ಮಧ್ಯಾಹ್ನ ಊಟವಾದ ಮೇಲೆ ಮುನಿರತ್ನಮ್ಮ ಹೊರಗಿನ ಹೊಂಗೆಮರದ ಕೆಳಗೆ ಜಡೆ ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತಿದ್ದಳು. ಅಂದು ಬೆಂಗಳೂರಿನಿಂದ ಸಹನ ಎಂಬಾಕೆ ಕಾರಿನಲ್ಲಿ ಬಂದಿದ್ದಳು. ತಲೆಗೆ ಹಚ್ಚುವ ಎಣ್ಣೆಯೊಂದನ್ನು ಮಾರಬೇಕೆಂದು ಹೊಸದಾಗಿ ಕಂಪನಿ ತೆರೆದವಳು ಅವಳು. ಎಣ್ಣೆ ಇನ್ನೆಲ್ಲೋ ಹೊಸೂರಿನ ಕಡೆ ತಯಾರಾಗಿ ಸೀಸೆಗೆ ತುಂಬಿ ಬರುತ್ತಿತ್ತು. ಅದನ್ನು ಇಡಲು ಜಾಗ ನೋಡಿಕೊಂಡು ಹೋಗೋಣವೆಂದು ಬಂದವಳ ಕಣ್ಣು ಮರದ ಕೆಳಗಿನ ಕೂದಲಿನ ಮೇಲೆ ಬಿತ್ತು.

"ಅಜ್ಜಿ, ಇದು ನಿಮ್ಮದೇ ಕೂದಲಾ?"

"ಇನ್ಯಾರ್ದು ತಂದು ಅಂಟಿಸ್ಕೊಳ್ಳಲಮ್ಮ" ಎಂದಳು ಮುನಿರತ್ನಮ್ಮ. ಅಜ್ಜಿ ಎಂದದ್ದಕ್ಕೆ ಒಳಗೊಳಗೇ ಸ್ವಲ್ಪ ಮುನಿಸೂ ಬಂತು.

ಮರುವಾರ ಸಹನ ಫೋಟೋದವರನ್ನು ಕರೆದುಕೊಂಡೇ ಬಂದಳು. ಕೆಂಪಂಚಿನ ಹಸಿರು ಸೀರೆ ಉಡಿಸಿದರು, ಹಣೆಗೆ ದೊಡ್ಡ ಕುಂಕುಮ ಇಟ್ಟರು, ಎದುರಿಗೆ ಒರಳುಕಲ್ಲು, ಒಂದಷ್ಟು ಕರಿಬೇವು, ದಾಸವಾಳ. ಕೂದಲನ್ನು ಬಿಚ್ಚಿ ಮುಂದಕ್ಕೆ ಹಾಕಿಕೊಂಡು ನಗಬೇಕೆಂದರು. ಅವಳು ನಕ್ಕಳು. ಆ ಸೀರೆಯನ್ನು ಅವಳಿಗೇ ಬಿಟ್ಟುಹೋದರು. ಮುಂದಿನ ತಿಂಗಳು ಸೀಸೆಗಳ ಡಬ್ಬಗಳು ಬಂದಿಳಿದಾಗ ಒಂದೊಂದು ಸೀಸೆಯ ಮೇಲೂ ಮುನಿರತ್ನಮ್ಮ ನಗುತ್ತಿದ್ದಳು. ಹೆಸರು ಮಾತ್ರ ಅವಳದಲ್ಲ. 'ಗಂಗಜ್ಜಿಯ ಕೇಶತೈಲ' ಎಂದು ದಪ್ಪ ಅಕ್ಷರದಲ್ಲಿತ್ತು, ಕೆಳಗೆ 'ನಮ್ಮಜ್ಜಿ ತನ್ನ ಕೈಯಾರೆ ಕಾಯಿಸಿದ್ದು' ಎಂದಿತ್ತು.

ಗೋಡೌನೆಲ್ಲ ಅಂದು ಅವಳದೇ ಮಾತು. ಕೆಜಿಎಫ್ ಕಡೆಗೆ ಪಾರ್ಸೆಲ್ ಹಂಚುವ ವೆಂಕಿ ಎಂಬ ಹುಡುಗ ದಿನಾ ಬಂದು, ತಮಿಳಿನಲ್ಲಿ ಅಜ್ಜಿಯನ್ನು ಕರೆಯುವ ಹಾಗೆ, "ಗಂಗಾ ಪಾಟೀ, ಇವತ್ತು ನಿನ್ನ ಉರಗಾಮಿಗೆ ತಗೊಂಡೋಯ್ತಿದೀನಿ, ನಾಳೆ ಆಂಡರ್ಸನ್‌ಪೇಟೆಗೆ" ಎಂದು ರೇಗಿಸುತ್ತಿದ್ದ. ರಾಧ ನಗುತ್ತಿದ್ದಳು, ಆದರೆ ಆ ನಗು ತುಟಿಯಿಂದ ಒಳಕ್ಕೆ ಇಳಿಯುತ್ತಿರಲಿಲ್ಲ. "ನಮ್ಗೂ ಅಂಗೆ ಸೀರೆ ಉಡ್ಸಿ ಕುಂಡ್ರಿಸಿದ್ರೆ ನಾವೂ ಚೆನ್ನಾಗೇ ಕಾಣ್ತಿದ್ವಿ ಬಿಡಕ್ಕ" ಎಂದಳು ಒಮ್ಮೆ. ಊರಿನಲ್ಲಿ ಕದಿರಪ್ಪ ಮೊದಲು ಮುಖ ಗಂಟಿಕ್ಕಿಕೊಂಡ. ಆಮೇಲೆ ಡೇರಿ ಮುಂದೆ ಹಾಲು ಅಳೆಸಲು ನಿಂತವರಿಗೆಲ್ಲ ಸೀಸೆ ತೋರಿಸತೊಡಗಿದ. ಕೇಳಿದವರಿಗೆ ಮುನಿರತ್ನಮ್ಮನೂ ಇದ್ದದ್ದನ್ನು ಇದ್ದ ಹಾಗೆ ಹೇಳಲಿಲ್ಲ. ಎಣ್ಣೆ ಎಲ್ಲಿಂದಲೋ ಬರುತ್ತದೆ ಎಂದರೆ ಜನ ಅಷ್ಟಕ್ಕೇ ಮುಖ ತಿರುಗಿಸುತ್ತಾರೆ. "ನಮ್ಮತ್ತೆ ಏಳ್ಕೊಟ್ಟಿದ್ದು" ಎಂದರೆ ಇನ್ನೊಂದು ಮಾತು ಕೇಳುತ್ತಾರೆ. ಮೊಸರು ಹೊತ್ತು ತಿರುಗಿದ ಅಷ್ಟು ವರ್ಷದಲ್ಲಿ ಅವಳನ್ನು ಯಾರೂ ಇನ್ನೊಂದು ಮಾತು ಕೇಳಿರಲಿಲ್ಲ.

ಕಾಂತಮ್ಮನ ಫೋನೂ ಬಂತು. "ಮುನಿರತ್ನಾ, ಅಕ್ಷರಾ ಫೋನಲ್ಲಿ ನಿನ್ನ ಫೋಟೋ ತೋರಿಸಿದ್ಲು, ನನಗೆ ನಂಬಕ್ಕೇ ಆಗ್ಲಿಲ್ಲ. ನಿಜವಾಗ್ಲೂ ನೀನೇ ಕಾಯಿಸೋದಾ?"

ಮುನಿರತ್ನಮ್ಮ, "ಊಂ ಅಮ್ಮಾರೆ, ನಮ್ಮ ಕೈದೇ" ಎಂದಳು.

"ಹಂಗಾದ್ರೆ ಕಣ್ಮುಚ್ಚಿಕೊಂಡು ತರಿಸ್ತೀನಿ. ನಿಶ್ಚಿತಾರ್ಥ ಹತ್ತಿರ ಬಂತಲ್ಲ, ಇವಳ ಕೂದಲು ರೈಲಿನ ಧೂಳಿಗೆ ಉದುರ್ತಾ ಇದೆ. ಬೇರೆಯವರದ್ದಾದ್ರೆ ನಾನು ಮುಟ್ಟಿಸ್ತಿರಲಿಲ್ಲ."

ಆ ಪಾರ್ಸೆಲನ್ನು ಮುನಿರತ್ನಮ್ಮನೇ ಕಟ್ಟಿದಳು. ವಿಳಾಸದಲ್ಲಿ ಅಕ್ಷರಾಳ ಹೆಸರು ಕಂಡಾಗ ಗುಳ್ಳೆ ಪ್ಲಾಸ್ಟಿಕ್ಕನ್ನು ಎರಡು ಸುತ್ತು ಹೆಚ್ಚಾಗಿಯೇ ಸುತ್ತಿ ವೆಂಕಿಯ ಕೈಗೆ ಕೊಟ್ಟು, "ಉಷಾರಾಗಿ ತಗೊಂಡೋಗ್ಲಾ, ನಮ್ಮ ಪಾಪುಂದು" ಎಂದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಅವಳನ್ನು ರಿಟರ್ನ್ ಮೇಜಿಗೆ ಹಾಕಿದರು. ಕೊಂಡವರು ಬೇಡವೆಂದು ಹಿಂದಿರುಗಿಸಿದ ಮಾಲನ್ನು ಬಿಚ್ಚಿ, ಒಡೆದದ್ದನ್ನು ಒಂದು ಕಡೆ, ಸೀಲು ಮುರಿಯದ್ದನ್ನು ಮತ್ತೆ ಸಾಲಿಗೆ ಹಾಕುವ ಕೆಲಸ. ಗಂಗಜ್ಜಿಯ ಸೀಸೆಗಳು ಒಂದೊಂದಾಗಿ ವಾಪಸು ಬರತೊಡಗಿದ್ದವು. ಮೊದಲು ಅವಳು ಗಮನ ಕೊಡಲಿಲ್ಲ. ಒಂದು ದಿನ ಬಿಚ್ಚಿದ ಡಬ್ಬದಲ್ಲಿ ಸೀಸೆಯ ಜೊತೆಗೆ ಪ್ಲಾಸ್ಟಿಕ್ ಚೀಲವೊಂದಿತ್ತು. ಕೈಹಾಕಿ ಎಳೆದರೆ ಒಂದು ಹಿಡಿ ಕೂದಲು, ಬುಡದಲ್ಲಿ ಬಿಳಿ ಹೊಟ್ಟು ಅಂಟಿಕೊಂಡ ಕಪ್ಪು ಕೂದಲು. ಸೀಸೆಯ ಮೇಲಿನ ಅವಳ ಮುಖವನ್ನು ಯಾರೋ ಮೊಳೆಯಿಂದಲೋ ಚಾಕುವಿನಿಂದಲೋ ಕಣ್ಣಿನ ಜಾಗದಲ್ಲಿ ಕೆರೆದಿದ್ದರು. ಮರುದಿನ ಇನ್ನೊಂದು ಬಂತು. ಅದರಲ್ಲಿ 'ಮುದುಕಿ, ನಿನ್ನ ಮನೆ ಹಾಳಾಗ' ಎಂದು ಬರೆದ ಚೀಟಿ. ರಾಧ ಅದನ್ನು ಕಿತ್ತುಕೊಂಡು ಎಲ್ಲರಿಗೂ ಕೇಳುವಂತೆ ಓದಿದಳು. ಹೆಂಗಸರು ನಕ್ಕರು.

ಮುನಿರತ್ನಮ್ಮ ಆ ಚೀಲವನ್ನು ರೂಪೇಶನ ಮುಂದೆ ಹಿಡಿದು, "ಸಾರ್, ಇದ್ರಲ್ಲಿ ಏನೋ ಐತೆ ಸಾರ್. ಜನರ ತಲೆ ಬೆಂದೋಗ್ತಾ ಐತೆ" ಎಂದಳು.

"ಕೆಲವರಿಗೆ ಆಗಿಬರಲ್ಲಮ್ಮ. ಎಲ್ಲ ಎಣ್ಣೆಗೂ ಹಿಂಗೇ."

"ಕಳ್ಸಾದು ನಿಲ್ಸಿ ಅಂತ ಎಣ್ಣೆ ಕಂಪ್ನಿ ಆಯಮ್ಮಂಗೆ ಏಳ್ಬಾರ್ದಾ?"

"ನಾವು ಇಟ್ಕೊಳ್ಳೋರು, ಕಳಿಸೋರು. ಒಳಗೇನಿದೆ ಅಂತ ಕೇಳೋಕೆ ನಮಗೆ ದುಡ್ಡು ಕೊಡಲ್ಲ" ಎಂದು ರೂಪೇಶ್ ಸೀಸೆಯನ್ನು ತಿರುಗಿಸಿ ನೋಡಿದ. "ಸೀಲು ಮುರಿದಿದೆ, ಇದನ್ನ ಕಸಕ್ಕೆ ಹಾಕಿ. ಮುರಿಯದೇ ಇರೋದನ್ನ ಸಾಲಿಗೆ ಸೇರಿಸಿ."

ಅಂದು ಬಸ್ಸಿನಲ್ಲಿ ಕೂತಾಗ ಮುನಿರತ್ನಮ್ಮನ ಕಣ್ಣ ಮುಂದೆ ಅಕ್ಷರಾಳ ತಲೆಯೊಂದೇ ಇತ್ತು. ಕೂಸಿನ ನೆತ್ತಿ ಮಿಡಿಯುತ್ತಿದ್ದುದು ಅವಳ ಅಂಗೈಗೆ ಇನ್ನೂ ನೆನಪಿತ್ತು. ಮನೆಗೆ ಹೋಗುವವರೆಗೂ ತಡೆಯಲಾರದೆ ಕಾಮಸಮುದ್ರದಲ್ಲಿ ಇಳಿದು, ಬಸ್‌ಸ್ಟಾಂಡಿನ ಮೂಲೆಯಲ್ಲಿ ನಿಂತು ಕಾಂತಮ್ಮನಿಗೆ ಫೋನು ಮಾಡಿದಳು.

ಕಾಂತಮ್ಮ ಹಿಗ್ಗಿನಲ್ಲಿದ್ದಳು. ಇವಳು ಬಾಯಿ ತೆರೆಯುವ ಮೊದಲೇ ನಿಶ್ಚಿತಾರ್ಥದ ಸೀರೆಯ ಬಣ್ಣ, ಬೀಗರ ದೊಡ್ಡತನ, ಊರಿನಿಂದ ಬರುವವರ ಹೆಸರು ಎಲ್ಲ ಹೇಳಿದಳು. "ನಿನ್ನ ಎಣ್ಣೆ ದಿನ ಬಿಟ್ಟು ದಿನ ಹಚ್ತಾ ಇದಾಳೆ. ಸ್ವಲ್ಪ ನೆತ್ತಿ ಉರಿ ಅಂತಿದ್ಲು. ಮದ್ದು ಹಿಡಿಯೋವಾಗ ಹಂಗೇ ಇರುತ್ತೆ ಅಂದೆ. ಸರಿ ತಾನೇ? ಇನ್ನು ದಿನಾ ಹಚ್ಚಿಬಿಡ್ಲಾ?"

ಆ ಎಣ್ಣೆ ನನ್ನದಲ್ಲ ಎಂಬ ಒಂದು ಮಾತು ಸಾಕಿತ್ತು. ಹೇಳಿದರೆ, ಅಂದು ಹೇಳಿದ್ದು ಸುಳ್ಳು ಎಂದಾಗುತ್ತದೆ. ಇಷ್ಟು ವರ್ಷ ತನ್ನನ್ನು ಅಡುಗೆಮನೆಯವರೆಗೂ ಬಿಟ್ಟುಕೊಂಡ ಒಂದೇ ಮನೆ ಅದು. ಮುನಿರತ್ನಮ್ಮ ಫೋನನ್ನು ಕಿವಿಯಿಂದ ಕಿವಿಗೆ ಬದಲಾಯಿಸಿಕೊಂಡಳು.

"ನಿಮ್ಮಿಷ್ಟ ಅಮ್ಮಾರೆ" ಎಂದಳು. "ಸುಮ್ನೆ ಮಾತಾಡ್ಸನಾಂತ ಮಾಡ್ದೆ."

ನಾಳೆ ಹೇಳೋಣ ಎಂದುಕೊಂಡಳು. ನಾಳೆ ರೂಪೇಶ್ ಬೇಗ ಬಿಡಲಿಲ್ಲ. ನಾಡಿದ್ದು ಕದಿರಪ್ಪನಿಗೆ ಜ್ವರ. ಹೀಗೆ ಒಂದೊಂದು ನೆಪ ಸಿಗುತ್ತಾ ಹೋಯಿತು.

ನಿಶ್ಚಿತಾರ್ಥ ಆಗಬೇಕಿದ್ದ ವಾರವೇ ಗೋಡೌನಿನ ಗೇಟಿನ ಮುಂದೆ ಆಟೋ ಬಂದು ನಿಂತಿತು. ಕಾವಲಿನ ಅಶ್ವತ್ಥಪ್ಪ ಒಳಗೆ ಬಂದು, "ಅಕ್ಕ, ನಿನ್ನ ಕೇಳ್ಕೊಂಡು ಯಾರೋ ಬಂದವ್ರೆ. ಮಾತು ಗರಂ ಐತೆ" ಎಂದ. ಮುನಿರತ್ನಮ್ಮ ಹೊರಗೆ ಹೋಗುವಷ್ಟರಲ್ಲಿ ಅರ್ಧ ಗೋಡೌನು ಅವಳ ಹಿಂದೆ ಬಂದಿತ್ತು. ಬಿಸಿಲಲ್ಲಿ ಓಂಕಾರಪ್ಪ, ಕಾಂತಮ್ಮ, ಅವರ ಹಿಂದೆ ದುಪಟ್ಟಾವನ್ನು ಹಣೆಯವರೆಗೂ ಎಳೆದುಕೊಂಡ ಅಕ್ಷರಾ.

"ನೋಡು" ಎಂದಳು ಕಾಂತಮ್ಮ. ಮಗಳು ಬೇಡಮ್ಮ ಬೇಡಮ್ಮ ಎಂದು ಕೈ ಹಿಡಿಯುತ್ತಿದ್ದಂತೆಯೇ ದುಪಟ್ಟಾವನ್ನು ಎಳೆದು ಕೆಳಗೆ ಹಾಕಿದಳು. "ಎಲ್ಲರೂ ನೋಡಲಿ. ನಿನ್ನ ಕೈಯಾರೆ ಕಾಯಿಸಿದ್ದಲ್ಲ, ನೀನೂ ಕಣ್ತುಂಬ ನೋಡು."

ಹುಡುಗಿಯ ತಲೆಯಲ್ಲಿ ಅಂಗೈಯಗಲದ ಬೋಳುಗಳು, ಅವುಗಳ ಮೇಲೆ ಕೆಂಪಗೆ ಹುಣ್ಣು, ಉಳಿದ ಕಡೆ ಎಳೆಎಳೆಯಾಗಿ ನಿಂತ ಕೂದಲು. ಪ್ಯಾಕಿಂಗಿನ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಒಬ್ಬ ಲೋಡಿಂಗ್ ಹುಡುಗ ಫೋನು ಎತ್ತಿ ಹಿಡಿದಿದ್ದ. ಅಕ್ಷರಾ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

"ಗಂಡಿನ ಕಡೆಯವರು ನೋಡಿಕೊಂಡು ಹೋದ್ರು" ಎಂದ ಓಂಕಾರಪ್ಪ, ಯಾರನ್ನೂ ನೋಡದೆ. "ಇನ್ನು ಬರೋದಿಲ್ಲ ಅಂದ್ರು."

ಆಗ ಮುನಿರತ್ನಮ್ಮನಿಗೆ ಬಾಯಿ ಬಂತು. "ಅದು ನಂದಲ್ಲಮ್ಮ. ನಾನು ಕಾಯ್ಸಿದ್ದಲ್ಲ. ಆವತ್ತು ನಿಮ್ಗೆ ಸುಳ್ಳೇಳ್ದೆ. ಬರೀ ಫೋಟೋ ನಂದು, ಎಣ್ಣೆ ಎಲ್ಲಿಂದ್ಲೋ ಬತ್ತದೆ."

"ಈಗ ನಿನ್ನದಲ್ಲ" ಎಂದಳು ಕಾಂತಮ್ಮ.

"ದೇವ್ರಾಣೆ ಅಮ್ಮ. ಬೇಕಾದ್ರೆ ಸಾರ್‌ನ ಕೇಳಿ."

ರೂಪೇಶ್ ಬಾಗಿಲಲ್ಲಿ ನಿಂತಿದ್ದ. ಫೋನಿನಲ್ಲಿ ಆಗಲೇ ಸಹನಳ ಜೊತೆ ಮಾತಾಡಿಯಾಗಿತ್ತು. ಬೆರಳುಗಳನ್ನು ನೋಡಿಕೊಳ್ಳುತ್ತಾ ಹೇಳಿದ: "ನಾವು ಮಾಲು ಇಟ್ಟು ಕಳಿಸೋರು ಅಷ್ಟೇ ಸಾರ್. ಎಣ್ಣೆ ಹೆಂಗೆ ಮಾಡಬೇಕು ಅಂತ ಹೇಳಿಕೊಟ್ಟಿದ್ದು ಇವರೇ ಅಂತ ಮೇಡಂ ಹೇಳ್ತಾ ಇದಾರೆ. ಇವರೂ ಇಲ್ಲಿ ಎಲ್ಲರ ಹತ್ರ ಹಂಗೇ ಹೇಳ್ಕೊಂಡಿದಾರೆ. ಕೇಳಿ ನೋಡಿ."

ಕಾಂತಮ್ಮ ಹೆಂಗಸರ ಕಡೆ ನೋಡಿದಳು. ರಾಧ ಹೇಳಿದಳು, "ಅತ್ತೆ ಏಳ್ಕೊಟ್ಟಿದ್ದು ಅಂತಿತ್ತಪ್ಪ ಅಕ್ಕ. ನಾನು ಕೇಳಿರೋದು ಅದೇ."

ಅದು ಸುಳ್ಳಾಗಿರಲಿಲ್ಲ. ಕಾಂತಮ್ಮ ಬಗ್ಗಿ ದುಪಟ್ಟಾ ಎತ್ತಿಕೊಂಡು, ಮಣ್ಣು ಕೊಡವಿ, ಮಗಳ ತಲೆಗೆ ಹೊದಿಸಿದಳು. "ನನ್ನ ಮಗಳಿಗೆ ಮೊದಲ ನೀರು ಹಾಕಿದ ಕೈ ಅಂತ ನಂಬಿದ್ದೆ" ಎಂದಳು. "ಆ ಕೈಗೆ ಹುಳ ಬೀಳಲಿ." ಆಟೋ ತಿರುಗಿಕೊಂಡು ಹೋಯಿತು.

ಮುನಿರತ್ನಮ್ಮ ಕೆಲಸ ಬಿಡುತ್ತಾಳೆಂದು ಎಲ್ಲರೂ ಅಂದುಕೊಂಡರು. ಅವಳು ಬಿಡಲಿಲ್ಲ. ಹೋಗುವುದಾದರೂ ಎಲ್ಲಿಗೆ? ಮನೆಯಲ್ಲಿ ಕದಿರಪ್ಪ ಮಾತು ನಿಲ್ಲಿಸಿದ್ದ. ಸೀಸೆ ತೋರಿಸಿ ಮೆರೆದಿದ್ದವನಿಗೆ ಈಗ ಡೇರಿಯ ಮುಂದೆ ನಿಲ್ಲಲು ಮುಖವಿರಲಿಲ್ಲ, ಆ ಸಿಟ್ಟನ್ನೆಲ್ಲ ಅನ್ನದ ತಟ್ಟೆಯ ಮೇಲೆ ತೀರಿಸಿಕೊಳ್ಳುತ್ತಿದ್ದ.

ಹದಿನೈದು ದಿನ ಕಳೆಯುವುದರೊಳಗೆ ಹೊಸ ಸ್ಟಿಕ್ಕರುಗಳ ಸುರುಳಿಗಳು ಬಂದವು. ಅವುಗಳ ಮೇಲೆ ಅಜ್ಜಿ ಇರಲಿಲ್ಲ, ಒಂದು ಹಸಿರು ಎಲೆಯಿತ್ತು. ಹೆಸರೂ ಬೇರೆ. ಸಾಲಿನಲ್ಲಿ ಉಳಿದಿದ್ದ ಸೀಸೆಗಳನ್ನೆಲ್ಲ ಇಳಿಸಿ, ಬಿಸಿಗಾಳಿ ಊದುವ ಯಂತ್ರದಿಂದ ಹಳೆಯ ಸ್ಟಿಕ್ಕರು ಮೆತ್ತಗೆ ಮಾಡಿ, ಕಿತ್ತು, ಹೊಸದನ್ನು ಅಂಟಿಸಬೇಕಿತ್ತು. ಆ ಕೆಲಸಕ್ಕೆ ರೂಪೇಶ್ ಹಾಕಿದ್ದು ಮುನಿರತ್ನಮ್ಮನನ್ನೂ ರಾಧಳನ್ನೂ. ಬೇಕೆಂದೇ ಹಾಕಿದನೋ, ಕೈ ಖಾಲಿ ಇದ್ದವರು ಅವರಿಬ್ಬರೇ ಎಂದು ಹಾಕಿದನೋ, ಅವಳು ಕೇಳಲಿಲ್ಲ.

ಬಿಸಿಗಾಳಿ ಊದಿದಾಗ ಕಾಗದದ ಮುಖ ಮೊದಲು ಉಬ್ಬುತ್ತಿತ್ತು, ಆಮೇಲೆ ಮುದುರಿಕೊಳ್ಳುತ್ತಿತ್ತು. ಉಗುರಿನಿಂದ ಅಂಚು ಎಬ್ಬಿಸಿ ಎಳೆದರೆ ಕೆಲವೊಮ್ಮೆ ಅರ್ಧ ಮಾತ್ರ ಕಿತ್ತುಬರುತ್ತಿತ್ತು, ಬಾಯಿ ಸೀಸೆಯ ಮೇಲೇ ಉಳಿಯುತ್ತಿತ್ತು. "ಅಕ್ಕ, ನಿನ್ನ ಚರ್ಮ ಬೋ ಗಟ್ಟಿ ಕಣಕ್ಕ" ಎಂದು ರಾಧ ಕೆರೆಯುತ್ತಾ ನಕ್ಕಳು. ಕಿತ್ತ ಸ್ಟಿಕ್ಕರುಗಳು ಇಬ್ಬರ ಕಾಲ ಕೆಳಗೆ ಚಪ್ಪಲಿಗೆ ಅಂಟಿಕೊಳ್ಳುತ್ತಿದ್ದವು.

ಮುಖ ಕೀಳುವುದಕ್ಕಿಂತ ಹೆಚ್ಚಾಗಿ ಅವಳನ್ನು ಇನ್ನೊಂದು ವಿಷಯ ಕಾಡಿತು. ಸಂಜೆ ರೂಪೇಶ್ ಸುತ್ತು ಬಂದಾಗ ಕೇಳಿದಳು. "ಸಾರ್, ಒಳ್ಗಡೆ ಎಣ್ಣೆ ಅದೇ ಅಲ್ವಾ?"

"ಅದೇ."

"ಮತ್ತೆ ಸ್ಟಿಕ್ಕರು?"

"ಬೇರೆ" ಎಂದು ಅವನು ಮುಂದೆ ಹೋದ.

ಅವಳು ವೆಂಕಿಗೂ ಹೇಳಿ ನೋಡಿದಳು, "ಇದ್ನ ಯಾರ ಮನೇಗೂ ಕೊಡ್ಬೇಡ ಕಣ್ಲಾ. ಮನೇಲಿ ಯಾರೂ ಇಲ್ಲಾಂತ ಏಳಿ ವಾಪಸ್ ತಂದ್ಬುಡು." ವೆಂಕಿ ಹೆಲ್ಮೆಟ್ಟು ಹಾಕಿಕೊಳ್ಳುತ್ತಾ, "ನಾನು ಕೊಡ್ದಿದ್ರೆ ನಾಳೆ ಇನ್ನೊಬ್ಬ ಕೊಡ್ತಾನೆ ಪಾಟಿ. ನಂದು ಎಸ್ರು ಕೆಡ್ತದೆ ಅಷ್ಟೆ" ಎಂದ.

ಯಾರಿಗೂ ಹೇಳಿ ಫಲವಿಲ್ಲ ಎಂದಾದ ಮೇಲೆ ಮುನಿರತ್ನಮ್ಮ ತನಗೆ ತೋಚಿದ್ದನ್ನು ಮಾಡಿದಳು. ಹೊಸ ಸ್ಟಿಕ್ಕರು ಅಂಟಿಸಿದ ಮೇಲೆ ಪ್ರತಿ ಸೀಸೆಯ ಮುಚ್ಚಳವನ್ನೂ ತಿರುಗಿಸಿ, ಸೀಲು ಮುರಿದು, ಸಡಿಲವಾಗಿಟ್ಟು ಡಬ್ಬಕ್ಕೆ ಹಾಕತೊಡಗಿದಳು. ವ್ಯಾನಿನ ಕುಲುಕಾಟಕ್ಕೆ ಎಣ್ಣೆ ಸೋರುತ್ತದೆ. ಸೋರಿ ಅಂಟಂಟಾದ ಸೀಸೆಯನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಇಷ್ಟೇ ಅವಳ ಲೆಕ್ಕಾಚಾರ. ಅಕ್ಷರಾಳಿಗೆ ಮಾಡಬೇಕಾಗಿದ್ದನ್ನು ಬೇರೆ ಯಾರೋ ಹುಡುಗಿಯರಿಗೆ ಮಾಡುತ್ತಿದ್ದೇನೆ ಎನಿಸಿತು. ಎಷ್ಟೋ ದಿನಗಳ ಮೇಲೆ ಅಂದು ಅವಳು ಬುತ್ತಿಯನ್ನು ಪೂರ್ತಿ ಉಂಡಳು.

ಎಣ್ಣೆ ಸೋರಿತು. ಪಕ್ಕದ ಡಬ್ಬಗಳಲ್ಲಿದ್ದ ಸೀರೆಗಳಿಗೂ ಹತ್ತಿ, ಎರಡು ಮೂರು ಕಂಪನಿಗಳಿಂದ ಬೈಗುಳ ಬಂತು. ರೂಪೇಶ್ ಎಲ್ಲರನ್ನೂ ನಿಲ್ಲಿಸಿ ಕೇಳುವ ಮೊದಲೇ ರಾಧ ಅವನ ಕೋಣೆಗೆ ಹೋಗಿಬಂದಿದ್ದಳು. ಆಮೇಲೆ ಅವನು ಚಾವಣಿಯ ಕ್ಯಾಮರಾದಲ್ಲಿ ದಾಖಲಾಗಿದ್ದನ್ನು ಹಾಕಿ ನೋಡಿದ. ಮೇಲಿನಿಂದ ತೆಗೆದ ಚಿತ್ರ, ಸದ್ದಿಲ್ಲ. ಜಡೆಯ ಹೆಂಗಸೊಬ್ಬಳು ಬಗ್ಗಿ ಕೂತು, ಆಚೀಚೆ ನೋಡಿ, ಸೀಸೆಯ ಮುಚ್ಚಳ ತೆಗೆಯುತ್ತಾಳೆ. ಅವಳ ಕೈ ಸೀಸೆಯ ಬಾಯಿಯ ಮೇಲೆ ಆಡುತ್ತದೆ. ಮತ್ತೆ ಮುಚ್ಚುತ್ತಾಳೆ. ಇನ್ನೊಂದು ಸೀಸೆ. ಮತ್ತೊಂದು.

ಸಹನ ಅಂದೇ ಬಂದಳು. ಈ ಸಲ ಅಜ್ಜಿ ಎನ್ನಲಿಲ್ಲ.

"ಯಾಕೆ ಮಾಡಿದ್ರಿ?"

"ಯಾರೂ ಅಚ್ಕೋಬಾರ್ದು ಅಂತ" ಎಂದಳು ಮುನಿರತ್ನಮ್ಮ. "ನಿಮ್ಮ ಎಣ್ಣೇಲಿ ವಿಷ ಐತಮ್ಮ."

ಸಹನ ರೂಪೇಶನ ಕಡೆ ತಿರುಗಿ, "ಆ ವಿಡಿಯೋ ನನಗೆ ಕಳಿಸಿ" ಎಂದಳು.

ಪೊಲೀಸರಿಗೆ ಕೊಡುತ್ತೇವೆ ಎಂದು ಹೆದರಿಸಿದರು, ಕೊಡಲಿಲ್ಲ. ಪೊಲೀಸರು ಬಂದರೆ ಎಣ್ಣೆಯೂ ಪರೀಕ್ಷೆಗೆ ಹೋಗುತ್ತದೆ ಎಂಬುದು ಸಹನಳಿಗೆ ಗೊತ್ತಿತ್ತು. ಅದರ ಬದಲು ಕಂಪನಿಯ ಹೆಸರಿನಲ್ಲಿ ಒಂದು ಕ್ಷಮಾಪಣೆ ಹೊರಟಿತು. ಗೋಡೌನಿನ ಕೆಲಸದವಳೊಬ್ಬಳು ದ್ವೇಷದಿಂದ ಸೀಸೆಗಳಲ್ಲಿ ಏನನ್ನೋ ಬೆರೆಸುತ್ತಿದ್ದದ್ದು ಪತ್ತೆಯಾಗಿದೆ, ಆಕೆಯನ್ನು ತೆಗೆದುಹಾಕಿದ್ದೇವೆ, ನಮ್ಮ ಎಣ್ಣೆ ಮೊದಲಿನಂತೆಯೇ ಶುದ್ಧ ಎಂದು. ಜೊತೆಗೆ ವಿಡಿಯೋ. ಅದು ಬಂಗಾರಪೇಟೆಯ ಪೇಟೆಬೀದಿ ದಾಟಿ, ಕೋರಮಂಡಲ್‌ನ ಮನೆಮನೆಗೂ ಹೋಗಿ, ಸಂಜೆಯೊಳಗೆ ಕಾಮಸಮುದ್ರದ ಟೀ ಅಂಗಡಿಯಲ್ಲಿತ್ತು. ಮೊಸರು, ಸೊಪ್ಪು ಕೊಂಡಿದ್ದವರೆಲ್ಲ ಅಷ್ಟು ವರ್ಷ ಅವಳ ಕೈಯಿಂದ ಏನೇನು ತಿಂದೆವೋ ಎಂದು ಆಡಿಕೊಂಡರು.

ಊರಿನ ಡೇರಿಯಲ್ಲಿ ಕದಿರಪ್ಪನ ಹಾಲು ಸುರಿಸಿಕೊಳ್ಳಲು ಕಾರ್ಯದರ್ಶಿ ಜಯರಾಮಪ್ಪ ಹಿಂದೆಮುಂದೆ ನೋಡಿದ. ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕದಿರಪ್ಪ, "ಅವಳು ಕೊಟ್ಗೆ ಕಡೆ ತಲೇನೂ ಆಕಿಲ್ಲ ಕಣಣ್ಣ. ಕರೆಯೋದು, ತರೋದು ಎಲ್ಲಾ ನಾನೇ" ಎಂದ. ಅಂದಿನಿಂದ ಅದೇ ನಿಜವಾಯಿತು. ಅವಳೇ ಕರುವಿನಿಂದ ಸಾಕಿದ ಹಸುಗಳ ಹತ್ತಿರವೂ ಅವಳನ್ನು ಬಿಡಲಿಲ್ಲ. ಮಗಳು ಕಲ್ಪನ ಫೋನು ಮಾಡಿ, "ಅಮ್ಮ, ಈ ಸಲ ಹಬ್ಬಕ್ಕೆ ನೀನು ಬರಬ್ಯಾಡ. ನಮ್ಮತ್ತೆ ಒಂಥರಾ ಮಾತಾಡ್ತವ್ರೆ" ಎಂದಳು. "ನೀನು ಏನಂತೀಯ?" ಎಂದು ಕೇಳಿದ್ದಕ್ಕೆ ಮಗಳು, "ವಿಡಿಯೋ ನೋಡ್ದೆ" ಎಂದಷ್ಟೇ ಹೇಳಿದಳು.

ಆಮೇಲೆ ಮುನಿರತ್ನಮ್ಮನಿಗೆ ಹತ್ತಿರದಲ್ಲೆಲ್ಲೂ ಕೆಲಸ ಹುಟ್ಟಲಿಲ್ಲ. ಮಾಲೂರಿನ ಕಲ್ಯಾಣಮಂಟಪವೊಂದರಲ್ಲಿ ಅವಳ ಮುಖದ ಪರಿಚಯ ಯಾರಿಗೂ ಇರಲಿಲ್ಲ. ಅಲ್ಲಿ ಪಾತ್ರೆ ತೊಳೆಯಲು ಸೇರಿಕೊಂಡಳು. ಜಡೆಯನ್ನು ತುರುಬು ಕಟ್ಟಿ ಸೆರಗು ಹೊದ್ದುಕೊಂಡೇ ಇರುತ್ತಿದ್ದಳು. ಮದುವೆಯಿದ್ದ ದಿನ ಬಂಗಾರಪೇಟೆಗೆ ಬಂದು ಬೆಂಗಳೂರಿನ ರೈಲು ಹಿಡಿದು ಮಾಲೂರಿನಲ್ಲಿ ಇಳಿಯುತ್ತಿದ್ದಳು.

ಹಾಗೆ ಒಂದು ಬೆಳಗ್ಗೆ ಪ್ಲಾಟ್‌ಫಾರಂ ಮೇಲೆ ನಿಂತಿದ್ದಾಗ ಪಕ್ಕದ ಕಲ್ಲುಬೆಂಚಿನ ಮೇಲೆ ಅಕ್ಷರಾ ಕೂತಿದ್ದಳು. ತಲೆಗೆ ಸ್ಕಾರ್ಫು ಬಿಗಿದಿತ್ತು. ಮುನಿರತ್ನಮ್ಮ ಮುಖ ತಿರುಗಿಸಿಕೊಂಡು ಜನರ ಮಧ್ಯೆ ಸರಿಯಲು ನೋಡಿದಳು. ಹುಡುಗಿಯೇ ಕರೆದಳು.

"ಬನ್ನಿ, ಕೂತ್ಕೊಳ್ಳಿ."

ಅವಳು ಬೆಂಚಿನ ತುದಿಯಲ್ಲಿ ಕೂತಳು. ಅಕ್ಷರಾ ಹಳಿಯ ಕಡೆ ನೋಡುತ್ತಲೇ ಮಾತಾಡಿದಳು. "ಆ ವಿಡಿಯೋ ನಾನು ನಂಬಲ್ಲ. ನನಗೆ ಬಂದ ಸೀಸೆ ಸೀಲು ಮುರಿದಿರಲಿಲ್ಲ, ನಾನೇ ಮುರಿದದ್ದು. ನೀವು ಏನೂ ಬೆರೆಸಿಲ್ಲ. ಅಮ್ಮಂಗೂ ಹೇಳಿದೆ, ಅವರು ಕೇಳಲ್ಲ."

ಮುನಿರತ್ನಮ್ಮನನ್ನು ಗಂಡ ನಂಬಿರಲಿಲ್ಲ, ಹೊಟ್ಟೆಯಲ್ಲಿ ಹುಟ್ಟಿದವಳು ನಂಬಿರಲಿಲ್ಲ. ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡು, "ನನ್ನಪ್ಪ, ನನ್ನ ಬಂಗಾರ" ಎಂದು ಹುಡುಗಿಯ ಮೊಣಕೈ ಮುಟ್ಟಿದಳು. ಅಕ್ಷರಾ ಕೈ ಎಳೆದುಕೊಳ್ಳಲಿಲ್ಲ.

"ಒಂದು ಕೇಳ್ಬೇಕು" ಎಂದಳು ಅಕ್ಷರಾ. "ನಿಶ್ಚಿತಾರ್ಥಕ್ಕೆ ಮುಂಚೆ ಒಂದಿನ ನೀವು ಅಮ್ಮಂಗೆ ಫೋನ್ ಮಾಡಿದ್ರಿ. ಸುಮ್ನೆ ಮಾಡ್ದೆ ಅಂದ್ರಂತೆ. ಆವತ್ತು ನಿಮಗೆ ಗೊತ್ತಿತ್ತಾ?"

ಇಲ್ಲ ಎಂದರೆ ಹುಡುಗಿ ನಂಬುತ್ತಿದ್ದಳು. ನಂಬಬೇಕೆಂದೇ ಕೇಳುತ್ತಿದ್ದಾಳೆ ಎಂಬುದು ಆ ದನಿಯಲ್ಲೇ ತಿಳಿಯುತ್ತಿತ್ತು.

"ಗೊತ್ತಿತ್ತು ಪಾಪ" ಎಂದಳು ಮುನಿರತ್ನಮ್ಮ.

ಅಕ್ಷರಾ ತಲೆಯಾಡಿಸಿದಳು. ಮೊಣಕೈಯ ಮೇಲಿದ್ದ ಕೈಯನ್ನು ಎರಡು ಬೆರಳಿನಿಂದ ಎತ್ತಿ ಬೆಂಚಿನ ಕಲ್ಲಿನ ಮೇಲಿಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ಪ್ಲಾಟ್‌ಫಾರಂನ ಆ ತುದಿಗೆ ನಡೆದುಹೋದಳು.

ರೈಲು ಬಂತು. ಜನ ನುಗ್ಗಿದರು. ಅಂದು ಮಂಟಪದಲ್ಲಿ ದೊಡ್ಡ ಮದುವೆಯಿತ್ತು, ತಡವಾಗಿ ಬಂದರೆ ಒಳಗೆ ಸೇರಿಸುವುದಿಲ್ಲವೆಂದು ಮೇಸ್ತ್ರಿ ಹಿಂದಿನ ದಿನವೇ ಹೇಳಿದ್ದ. ಮುನಿರತ್ನಮ್ಮ ಎದ್ದು, ಕೊನೆಯ ಬೋಗಿ ಹತ್ತಿಕೊಂಡು, ಬಾಗಿಲ ಬಳಿ ಕಂಬಿ ಹಿಡಿದು ನಿಂತಳು.